ಬಾಗಿಲಿಗೆ ಅಡ್ಡ ನಿಂತ ರಾಡು

ಅನುಮಾನವೇ ನನ್ನ ಹೊಟ್ಟೆಪಾಡು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಚೆನ್ನಾಗಿರುವ ಬೋಲ್ಟನ್ನೂ ಕಳ್ಳನನ್ನು ನೋಡುವಂತೆ ನೋಡುವುದಕ್ಕೇ ನನಗೆ ಸಂಬಳ. ಸಂಜೆ ಮನೆಗೆ ಬರುವಾಗ ಆ ಗುಣವನ್ನು ಅಲ್ಲೇ ಬಿಟ್ಟು ಬರಲು ನನ್ನಿಂದಾಗಿಲ್ಲ. ತರಕಾರಿಯವಳ ತಕ್ಕಡಿ ನೋಡುತ್ತೇನೆ, ಹಾಲಿನವನ ಬೆರಳು ನೋಡುತ್ತೇನೆ. ಆದರೆ ತೊಂಬತ್ತೈದನೇ ಇಸವಿಯ ಸುಮಾರಿಗೆ ಹಳೆಯ ಕಾರೊಂದನ್ನು ಕೊಳ್ಳುವಾಗ ಮಾತ್ರ ಮೇಲಿನ ಹೊಳಪಿಗೆ ಮರುಳಾಗಿ, ಅಡಿಯನ್ನು ನೋಡಲಿಲ್ಲ. ಒಂದು ದಿನ ಹೆಂಡತಿ ಶಾರದೆ ಹತ್ತಿ ಕಾಲೂರಿದಾಗ ಅವಳ ಚಪ್ಪಲಿ ತಳದ ತಗಡನ್ನು ತೂರಿಕೊಂಡು ರಸ್ತೆ ಮುಟ್ಟಿತು. "ಇದು ಸರಿಯಾಗೋವರೆಗೂ ನಾನು ಹತ್ತಲ್ಲ ಕಣ್ರೀ" ಎಂದುಬಿಟ್ಟಳು. ಮದುವೆಯಾದ ಮೇಲೆ ಅವಳಿಗೆಂದು ನಾನು ತಂದಿದ್ದ ದೊಡ್ಡ ವಸ್ತು ಅದೊಂದೇ. ನನಗೆ ನಿಜಕ್ಕೂ ಬೇಸರವಾಯಿತು.

ಲಗ್ಗೆರೆಯಲ್ಲಿ ಟಿಂಕರಿಂಗ್ ಶೆಡ್ಡು ಇಟ್ಟಿದ್ದ ಬಸಪ್ಪ ಗದಗದ ಕಡೆಯವನು. ಕಾರಿನಡಿ ಮಲಗಿ ಸ್ಕ್ರೂಡ್ರೈವರಿನಿಂದ ಕುಟ್ಟಿದ. ತುಕ್ಕು ಹಪ್ಪಳದಂತೆ ಉದುರಿತು. "ಸಾಹೇಬ್ರ, ಇದಕ್ಕ ಬ್ಯಾರೆ ಚಾಸಿ ಇಲ್ರಿ, ಬಾಡಿನೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ಪೂರಾ ಕೊಯ್ದು ಹೊಸಾದು ಹಾಕಬೇಕ್ರಿ" ಎಂದ. ಲಾರಿಗೆ ಅಡಿಯಲ್ಲಿ ಚಾಸಿ ಎಂಬ ಚೌಕಟ್ಟು ಇದೆ, ನನ್ನ ಕಾರಿಗೆ ಮಾತ್ರ ಇಲ್ಲವೇ? ಎರಡು ದಿನ ರಜೆ ಹಾಕಿ ಅವನ ಶೆಡ್ಡಿನಲ್ಲೇ ಸ್ಟೂಲೆಳೆದು ಕುಳಿತೆ. ಬಸಪ್ಪ ಬಾಗಿಲು ಕಳಚಿ, ಆ ತೆರಪಿಗೆ ಅಡ್ಡವಾಗಿ ಒಂದು ರಾಡನ್ನು ವೆಲ್ಡ್ ಮಾಡಿ, ಆಮೇಲೆ ತುಕ್ಕಿನ ಪಟ್ಟಿಯನ್ನು ಕೊಯ್ದು ತೆಗೆದ. ನಾನು ಒಳಗೆ ಇಣುಕಬಾರದೆಂದೇ ಈ ಅಡ್ಡಗಟ್ಟು ಎಂದು ನನಗೆ ಖಾತ್ರಿಯಾಯಿತು. ಅವನು ಊಟಕ್ಕೆ ಹೋದದ್ದೇ ತಡ, ಅಲ್ಲೇ ಬಿದ್ದಿದ್ದ ಹ್ಯಾಕ್ಸಾ ಗರಗಸ ಎತ್ತಿಕೊಂಡು ರಾಡನ್ನು ಕತ್ತರಿಸಿಬಿಟ್ಟೆ. ಕಾರು ಕಿರ್ರೆಂದು ಮುಲುಗಿ ನಡು ಬಗ್ಗಿಸಿತು.

ಬಸಪ್ಪ ಬಂದು ಕಾರನ್ನೂ ನನ್ನ ಕೈಯಲ್ಲಿದ್ದ ಹ್ಯಾಕ್ಸಾವನ್ನೂ ನೋಡಿದ. "ಪಟ್ಟಿ ಇಲ್ದಾಗ ಗಾಡಿ ಹಿಡಿದು ನಿಲ್ಲಿಸಿದ್ದು ಅದೇ ರಾಡ್ ಅಲ್ಲೇನ್ರಿ?" ಎಂದನೇ ಹೊರತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಾಕ್ ಕೊಟ್ಟು ಎತ್ತಿ, ಮತ್ತೆ ರಾಡು ಕೂರಿಸಿದ. ಎರಡು ದಿನದ ಕೆಲಸ ಐದು ದಿನವಾಯಿತು, ನನ್ನ ರಜೆಯೂ. ಉಳಿದಷ್ಟೂ ದಿನ ನನ್ನ ಸ್ಟೂಲು ಶೆಡ್ಡಿನ ಹೊರಗಿತ್ತು, ಅವನ ಕಣ್ಣು ನನ್ನ ಮೇಲಿತ್ತು.

ಕಾರು ತರಲು ಶಾರದೆಯೂ ಬಂದಳು. ಬಾಗಿಲು ಬೆರಳಿನಲ್ಲಿ ನೂಕಿದರೆ ಸಾಕು, ಮುಚ್ಚಿಕೊಳ್ಳುತ್ತಿತ್ತು. "ಇನ್ನು ಧೈರ್ಯವಾಗಿ ಕೂರಬಹುದಾ ಅಣ್ಣ?" ಎಂದು ಕೇಳಿದಳು.

"ಗಾಡೀದು ಏನೂ ಅಂಜಿಕಿ ಇಲ್ರಿ ಅಕ್ಕಾರ" ಎಂದ ಬಸಪ್ಪ, ನನ್ನ ಕಡೆ ನೋಡಿ ಹ್ಯಾಕ್ಸಾವನ್ನು ಎತ್ತಿ ಒಳಗಿಟ್ಟ.

"ಭಯ ಯಾರದ್ದು ಅಂತ ನಂಗೂ ಗೊತ್ತು ಬಿಡಿ" ಎನ್ನುತ್ತಾ ಶಾರದೆ ಹತ್ತಿ ಕುಳಿತಳು. ಆ ಮಾತಿನ ಅರ್ಥದ ಬಗ್ಗೆ ಮಾತ್ರ ನನಗೆ ಎಳ್ಳಷ್ಟೂ ಅನುಮಾನವಿಲ್ಲ.