ಬಿಸಿಗಾಳಿ ಮಿಷನ್ನಿನ ಕಾವಲುಗಾರ

ಬೆಂಕಿಗೆ ಹೆದರದ ಜನರ ನಡುವೆ ಬೆಂಕಿಗೆ ಹೆದರುವವನೊಬ್ಬ ಸಂಬಳಕ್ಕೆ ಸೇರಿಕೊಂಡರೆ ನಗುವಿಗೆ ಬರ ಬರುವುದಿಲ್ಲ. ದಿನ ಬೆಳಗಾದರೆ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ನಗುವವರು ಅವರು, ನಗೆಗೀಡಾಗುವವನು ಇವನು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಒಂದು ಬೀಜದ ಶೆಡ್ಡಿನಲ್ಲಿ ಯಂತ್ರಗಳ ಉಸ್ತುವಾರಿಗಿದ್ದೆ. ಮುಂಗಾರು ಫಸಲಿನ ಹೈಬ್ರಿಡ್ ಜೋಳದ ಬೀಜ ಕೋಗಳಿ, ಚಿಗಟೇರಿ ಕಡೆಯ ಹೊಲಗಳಿಂದ ಹಸಿಹಸಿಯಾಗಿ ಬರುತ್ತಿತ್ತು. ಮಳೆಗಾಲದಲ್ಲಿ ಬಿಸಿಲನ್ನು ನಂಬುವ ಹಾಗಿರಲಿಲ್ಲ. ಆದ್ದರಿಂದ ಶೆಡ್ಡಿನ ಮಾಲೀಕರು ಗ್ಯಾಸಿನಿಂದ ಉರಿಯುವ ಒಂದು ಬಿಸಿಗಾಳಿ ಮಿಷನ್ನು ತರಿಸಿದ್ದರು. ಒಂದು ತುದಿಯಲ್ಲಿ ಫ್ಯಾನು, ನಡುವೆ ಬರ್ನರ್, ಇನ್ನೊಂದು ತುದಿಯಲ್ಲಿ ಬೀಜದ ತೊಟ್ಟಿ. ಫ್ಯಾನು ಊದಿದ ಗಾಳಿ ಉರಿಯನ್ನು ದಾಟಿ, ಬಿಸಿಯಾಗಿ, ಬೀಜದೊಳಗೆ ಹಾಯುತ್ತಿತ್ತು.

ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಮೂರು ತಲೆಮಾರಿನಿಂದ ಕಾಳುಕಡಿಯ ವ್ಯಾಪಾರದ ಮನೆತನ, ಹಣೆ ತುಂಬ ವಿಭೂತಿ. ಮಿಷನ್ನು ನಡೆಸುತ್ತಿದ್ದವನು ಹರಪನಹಳ್ಳಿಯ ಒಬ್ಬ ಸಾಬರ ಮಿಸ್ತ್ರಿ. ಲಾರಿ ಇಂಜಿನ್ನುಗಳ ಸದ್ದು ಕೇಳಿಯೇ ರೋಗ ಹೇಳುವಂಥ ಜಾಣ. ನಾಲ್ಕು ಹೆಣ್ಣುಮಕ್ಕಳ ತಂದೆ. ಆ ಬರ್ನರಿನಿಂದ ಎರಡು ಮಾರು ದೂರದಲ್ಲಿ ಸ್ಟೂಲು ಹಾಕಿಕೊಂಡು ದಿನವಿಡೀ ಕೂಡುತ್ತಿದ್ದವನು ಅವನೇ. ಏನಾದರೂ ಆದರೆ ಮೊದಲು ಆಗುವುದು ಅವನಿಗೆ. ಅವನಿಗೆ ಏನೂ ಆಗಬಾರದೆಂಬುದೇ ನನ್ನ ನೌಕರಿ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿದವನು ನಾನೊಬ್ಬನೇ.

೧. ಸೋಪಿನ ನೀರು

ನಾನು ಸೇರಿದ ಮೊದಲ ದಿನ ಮಿಸ್ತ್ರಿ ಗ್ಯಾಸು ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದ. ಪೈಪಿನ ಪ್ರತಿಯೊಂದು ಜೋಡಣೆಯ ಹತ್ತಿರವೂ ಕಡ್ಡಿ ಗೀರಿ ಹಿಡಿಯುತ್ತಿದ್ದ.

ನಾನು ಅವನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡೆ. "ಇದೇನು ಮಾಡ್ತಿದ್ದೀರಿ?"

"ಹಿಂಗ ಮಾಡಿದ್ರ ಒಂದ ಸಲಕ್ಕ ಗೊತ್ತಾಗ್ತೈತ್ರಿ ಸಾಹೇಬ್ರ."

"ಗೊತ್ತಾಗುತ್ತೆ. ನಿಮಗಲ್ಲ, ಊರಿಗೆ."

ಅವತ್ತೇ ಒಂದು ಡಬ್ಬಿಯಲ್ಲಿ ಸೋಪಿನ ನೀರು ಕಲಸಿ, ಕುಂಚದಿಂದ ಜೋಡಣೆಗಳಿಗೆ ಹಚ್ಚುವುದನ್ನು ಕಲಿಸಿದೆ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಮಿಸ್ತ್ರಿಗೆ ಅದು ಮಕ್ಕಳಾಟದಂತೆ ಕಂಡರೂ ಹಚ್ಚಿದ. ದಿನಾ ಸೋಪು ಬೇಕಾಗುತ್ತದೆಂದು ಸಾವ್ಕಾರ್ರಿಗೆ ಚೀಟಿ ಬರೆದೆ. ಅವರು ಚೀಟಿ ಹಿಡಿದುಕೊಂಡು ಖುದ್ದಾಗಿ ಬಂದರು.

"ಸಿಲಿಂಡರಿಗೆ ಯಾಕ್ರಿ ಸೋಪು? ಅದೇನು ಮದಿವಿಗೆ ಹೊಂಟೈತೇನು?"

ನಾನು ಅವರ ಎದುರಿಗೇ ಹಚ್ಚಿ ತೋರಿಸಿದೆ. ಮೂರನೆಯ ಜೋಡಣೆಯಲ್ಲಿ ಪುಳಪುಳನೆ ಗುಳ್ಳೆ ಎದ್ದವು. ಸಾವ್ಕಾರ್ರು ಬಗ್ಗಿ ನೋಡಿದರು. ಮುಖ ಗಂಭೀರವಾಯಿತು. ಅಂತೂ ಒಬ್ಬರಿಗೆ ತಿಳಿಯಿತಲ್ಲ ಎಂದು ನನಗೆ ಸಮಾಧಾನ.

"ಮಿಸ್ತ್ರೀ," ಎಂದರು ಸಾವ್ಕಾರ್ರು, "ಇವರು ಬರೋಕ್ಕಿಂತ ಮುಂಚಿ ಇಲ್ಲಿ ಗುಳ್ಳಿ ಬರತಿದ್ವೇನೋ?"

"ಇಲ್ರಿ ಧಣಿ, ಒಂದೂ ಬಂದಿಲ್ಲ."

"ನೋಡ್ರಿ ಮತ್ತ. ನಾಳಿಂದ ಸೋಪು ಹಚ್ಚೋದು ಬಂದ್ ಮಾಡ್ರಿ."

೨. ಬೋರ್ಡು

ಬಾಯಿಮಾತು ನಿಲ್ಲುವುದಿಲ್ಲ, ಬರಹ ನಿಲ್ಲುತ್ತದೆ ಎಂಬುದು ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಪಾದ್ರಿಗಳು ಹಾಕಿಕೊಟ್ಟ ಪಾಠ. ಮಿಷನ್ನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಎರಡು ಸಲ ಓದಿ, ನಿಯಮಗಳನ್ನು ಕನ್ನಡಕ್ಕಿಳಿಸಿ, ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದೆ. ಎಲ್ಲಕ್ಕಿಂತ ಮುಖ್ಯವಾದುದು ಮೊದಲ ಸಾಲು: "ನೆಲದ ಹತ್ತಿರದ ಗಾಳಿಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು." ಈ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ನೀರಿನ ಹಾಗೆ ನೆಲ ಹಿಡಿದು ನಿಲ್ಲುತ್ತದೆ. ಅದು ಹೊರಗೆ ಹೋಗಬೇಕಾದರೆ ಆ ಕಿಂಡಿಯೊಂದೇ ದಾರಿ.

ಬೋರ್ಡು ತೂಗುಹಾಕಲು ಮಿಸ್ತ್ರಿಗೆ ಹೇಳಿ ಹೂವಿನಹಡಗಲಿಗೆ ಒಂದು ಕೆಲಸದ ಮೇಲೆ ಹೋದೆ. ಮರುದಿನ ಬಂದು ನೋಡಿದರೆ ಬೋರ್ಡು ಗೋಡೆಯ ಮೇಲೆಲ್ಲೂ ಇಲ್ಲ.

"ಎಲ್ಲಿ ಮಿಸ್ತ್ರಿ?"

"ಅಲ್ಲೇ ಹೊಡದೀನಲ್ರಿ," ಎಂದು ಅವನು ನೆಲದ ಕಡೆ ಕೈ ತೋರಿಸಿದ. "ತಗಡಿನ ಗ್ವಾಡಿಗೆ ಮೊಳಿ ಹಿಡೀವಲ್ದು. ಆ ಕಿಂಡಿಗೆ ಒಂದಕ್ಕ ಕಟ್ಟಿಗಿ ಚೌಕಟ್ಟು ಐತಿ. ಮತ್ತ ಅಲ್ಲಿಂದ ಕಾಲಿಗೆ ಥಂಡಿ ಹೊಡೀತಿತ್ತು. ಎರಡೂ ಕೆಲಸ ಆತು."

ಮೊಣಕಾಲೂರಿ ಓದಿದೆ. ನಾಲ್ಕು ಮೊಳೆ ಬಿಗಿಯಾಗಿ ಹೊಡೆದು, ಒಂದು ಎಳೆ ಗಾಳಿಯೂ ಆಡದಂತೆ ಕಿಂಡಿಯನ್ನು ಪೂರ್ತಿ ಮುಚ್ಚಿಕೊಂಡು, ನನ್ನ ಬೋರ್ಡು ಹೇಳುತ್ತಿತ್ತು: ಯಾವ ಕಾರಣಕ್ಕೂ ಮುಚ್ಚಬಾರದು.

೩. ಐದು ನಿಮಿಷ

ಕರೆಂಟು ಹೋಗಿ ಬಂದಾಗ ಫ್ಯಾನಿನ ಮೊದಲ ಹೊಡೆತಕ್ಕೆ ಬರ್ನರಿನ ಉರಿ ಆರುತ್ತಿತ್ತು. ಆಗ ಕೂಡಲೇ ಹಚ್ಚುವ ಹಾಗಿಲ್ಲ. ಬರೀ ಫ್ಯಾನನ್ನು ಐದು ನಿಮಿಷ ತಿರುಗಿಸಿ, ಒಳಗೆ ನಿಂತ ಗ್ಯಾಸನ್ನು ಪೂರ್ತಿ ಹೊರಗೆ ಹಾಕಿ, ಆಮೇಲೆ ಹಚ್ಚಬೇಕು. ಇದನ್ನು ಮಿಸ್ತ್ರಿಯಿಂದ ಹತ್ತು ಸಲ ಹೇಳಿಸಿದೆ. ಅವನು ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಚಾಚೂ ತಪ್ಪದೆ ಪಾಲಿಸಿದ.

ಅವನ ಹತ್ತಿರ ಗಡಿಯಾರವಿರಲಿಲ್ಲ. ಹಾಗಾದರೆ ಐದು ನಿಮಿಷ ಹೇಗೆ ಲೆಕ್ಕ ಹಿಡಿಯುತ್ತಾನೆ ಎಂಬ ಕುತೂಹಲದಿಂದ ಒಂದು ದಿನ ಕಂಬದ ಮರೆಯಲ್ಲಿ ನಿಂತು ನೋಡಿದೆ. ಉರಿ ಆರಿತು. ಮಿಸ್ತ್ರಿ ಫ್ಯಾನು ಹಾಕಿದ. ಸ್ಟೂಲಿನ ಮೇಲೆ ಕೂತ. ಜೇಬಿನಿಂದ ಬೀಡಿ ತೆಗೆದು, ಕಡ್ಡಿ ಗೀರಿ, ಹಚ್ಚಿದ.

ನಾನು ಕೂಗಿದ ಕೂಗಿಗೆ ಬೀಡಿ ಅವನ ಬಾಯಿಂದ ಬಿತ್ತು.

"ಒಂದು ಬೀಡಿ ಅಂದ್ರ ಬರೊಬ್ಬರಿ ಐದು ನಿಮಿಷರಿ ಸಾಹೇಬ್ರ! ಬೇಕಾದ್ರ ನಿಮ್ಮ ಗಡಿಯಾರ ಇಟಗಂಡು ನೋಡ್ರಿ."

ಇನ್ನು ಮೇಲೆ ರಸ್ತೆಯ ಆಚೆಗೆ ಹೋಗಿ ಸೇದತಕ್ಕದ್ದೆಂದು ಆಜ್ಞೆ ಮಾಡಿದೆ. ಅದನ್ನೂ ಪಾಲಿಸಿದ. ಆದರೆ ಮರುದಿನದಿಂದ ಮೂರೇ ನಿಮಿಷಕ್ಕೆ ವಾಪಸು ಬಂದು ಬರ್ನರ್ ಹಚ್ಚತೊಡಗಿದ. ಕೇಳಿದರೆ, ನನಗೆ ಲೋಕಜ್ಞಾನವಿಲ್ಲವೆಂಬಂತೆ ಮರುಕದಿಂದ ನೋಡಿದ.

"ಹೊರಗ ಗಾಳಿರಿ ಸಾಹೇಬ್ರ. ಬೀಡಿ ಜಲ್ದಿ ತೀರ್ತೈತಿ."

೪. ಹಳದಿ ಉರಿ

ಉರಿ ನೀಲಿಯಾಗಿರಬೇಕು. ಹಳದಿಯಾದರೆ ಗಾಳಿ ಸಾಲದು ಎಂದರ್ಥ. ಬರ್ನರಿನ ಬದಿಯ ತೂತುಗಳಿಗೆ ಒಂದು ತಿರುಗುವ ಪಟ್ಟಿ ಇದೆ, ಅದನ್ನು ಸ್ವಲ್ಪ ತೆರೆದರೆ ಉರಿ ತಾನೇ ನೀಲಿಗೆ ತಿರುಗುತ್ತದೆ. ಇನ್ನು ಗಾಳಿಯ ಬಿಸಿ, ಕೈಯಿಟ್ಟರೆ ಹಿತವೆನ್ನಿಸುವಷ್ಟು ಮಾತ್ರ. ಅದಕ್ಕಿಂತ ಹೆಚ್ಚಾದರೆ ಬೀಜ ಒಣಗುತ್ತದೆ, ಆದರೆ ಒಳಗೆ ಸಾಯುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ.

ಸಾವ್ಕಾರ್ರಿಗೆ ನೀಲಿ ಉರಿ ಕಂಡರಾಗದು. "ಅದೇನ್ರಿ, ಇದ್ದೂ ಇಲ್ಲದಂಗ ಐತಿ. ಬೆಂಕಿ ಅಂದ್ರ ಲಕ್ಷಣವಾಗಿ ಹಳದಿ ಇರಬೇಕು. ನಮ್ಮನಿ ದೀಪ ನೋಡ್ರಿ ಹೆಂಗ ಉರಿತೈತಿ." ಒಂದು ದಿನ ನಾನು ಊರಲ್ಲಿಲ್ಲದಾಗ ಪಟ್ಟಿ ಮುಚ್ಚಿಸಿ, ಗ್ಯಾಸು ಜಾಸ್ತಿ ಮಾಡಿಸಿ, ಎರಡು ದಿನದ ಕೆಲಸವನ್ನು ಒಂದೇ ಮಧ್ಯಾಹ್ನಕ್ಕೆ ಮುಗಿಸಿದರು.

ಆ ಬೀಜದಲ್ಲಿ ಒಂದು ಹಿಡಿ ತಂದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. ನಾಲ್ಕು ದಿನ ಬಿಟ್ಟು ಸಾವ್ಕಾರ್ರ ಎದುರಿಗೆ ಬಿಚ್ಚಿದೆ. ಅಲ್ಲೊಂದು ಇಲ್ಲೊಂದು ಬಿಳಿ ಮೊಳಕೆ, ಉಳಿದದ್ದೆಲ್ಲ ಕೊಳೆತು ನಾರುತ್ತಿತ್ತು.

"ಸತ್ತ ಬೀಜ ಇದು. ಇದನ್ನು ರೈತರಿಗೆ ಕೊಡೋ ಹಾಗಿಲ್ಲ," ಎಂದೆ.

ಅವರು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು, ಕಣ್ಣು ಅರೆಮುಚ್ಚಿ ಹೇಳಿದರು: "ನೋಡ್ರಿ, ಒಣಗಸೋದು ನಮ್ಮ ಕೆಲಸ. ಹುಟ್ಟಸೋದು ಶಿವನ ಕೆಲಸ. ಅವನ ಕೆಲಸದಾಗ ನಾವು ಕೈ ಹಾಕಬಾರದು."

೫. ಪೂಜೆ

ಆ ಮಿಷನ್ನಿನಲ್ಲಿ ಮಿಸ್ತ್ರಿಯ ಜೀವ ಕಾಯುವ ಭಾಗವೊಂದಿತ್ತು. ಉರಿಯೊಳಗೆ ಮೂಗು ಚಾಚಿಕೊಂಡಿರುವ ಬೆರಳುದ್ದದ ಒಂದು ಕಡ್ಡಿ, ಅದಕ್ಕೆ ಜೋಡಿಸಿದ ಒಂದು ವಾಲ್ವು. ಕಡ್ಡಿ ಬಿಸಿಯಿರುವವರೆಗೆ ವಾಲ್ವು ಗ್ಯಾಸು ಬಿಡುತ್ತದೆ. ಉರಿ ಆರಿದರೆ ಕಡ್ಡಿ ತಣ್ಣಗಾಗಿ, ವಾಲ್ವು ತಾನೇ ಗ್ಯಾಸು ನಿಲ್ಲಿಸುತ್ತದೆ. ಹಚ್ಚುವಾಗ ಮಾತ್ರ ವಾಲ್ವಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು.

ಮಿಸ್ತ್ರಿಗೆ ಆ ಅರ್ಧ ನಿಮಿಷದ ಮೇಲೆ ಸಿಟ್ಟು. ಗುಂಡಿಯನ್ನು ಒತ್ತಿ ತಂತಿಯಿಂದ ಬಿಗಿದು ಕಟ್ಟಿಬಿಡುತ್ತಿದ್ದ. ಆಗ ಉರಿ ಆರಿದರೂ ಗ್ಯಾಸು ಬರುತ್ತಲೇ ಇರುತ್ತದೆ. ನಾನು ತಂತಿ ಕತ್ತರಿಸುತ್ತಿದ್ದೆ, ಅವನು ಕಟ್ಟುತ್ತಿದ್ದ. ಪ್ರತಿ ಸಲವೂ ನಾನು ದಿನಚರಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕುತ್ತಿದ್ದೆ.

"ಅದು ನಿಮ್ಮ ಜೀವ ಕಾಯುತ್ತೆ ಮಿಸ್ತ್ರಿ. ನಾಲ್ಕು ಹೆಣ್ಣುಮಕ್ಕಳಿದ್ದಾರೆ ನಿಮಗೆ."

"ಘಡಿ ಘಡಿ ಬಂದ್ ಆಗ್ತೈತ್ರಿ. ಅದಕ್ಕ ನನ್ನ ಮ್ಯಾಲೆ ನಂಬಿಕಿ ಇಲ್ಲ, ನನಗ ಅದರ ಮ್ಯಾಲೆ ಇಲ್ಲ."

ಹೀಗಿರುವಾಗ ಆಯುಧಪೂಜೆ ಬಂತು. ಮಿಷನ್ನು ತೊಳೆದು ಸಿಂಗರಿಸಿದವನು ಮಿಸ್ತ್ರಿಯೇ. ಇಡೀ ತಾಲ್ಲೂಕಿನಲ್ಲಿ ಅವನಷ್ಟು ಶ್ರದ್ಧೆಯಿಂದ ಆಯುಧಪೂಜೆಗೆ ಅಣಿಮಾಡುವವರಿರಲಿಲ್ಲ. ಚೆಂಡುಹೂವಿನ ಸರ, ಬಾಳೆಕಂದು, ಎಲ್ಲ ಸರಿಯೇ. ಬರ್ನರಿನ ಗಾಳಿತೂತುಗಳನ್ನು ನೋಡಿದೆ. ಒಂದೊಂದು ತೂತಿಗೂ ಒಂದೊಂದು ಊದಿನಕಡ್ಡಿ, ಅಳತೆ ಮಾಡಿಸಿದಂತೆ ಕೂತಿತ್ತು. ಸಾವ್ಕಾರ್ರು ಸಿಲಿಂಡರುಗಳಿಗೆ ಕರ್ಪೂರದ ಆರತಿ ಎತ್ತುತ್ತಿದ್ದರು. ನಾನು ಸಿಲಿಂಡರುಗಳ ವಾಲ್ವು ಭದ್ರವಾಗಿ ಮುಚ್ಚಿದೆ. "ಅಪಶಕುನ ಮಾಡಬ್ಯಾಡ್ರಿ" ಎಂದು ಬೈಸಿಕೊಂಡೆ.

ಮರುದಿನ ಬರ್ನರ್ ಹತ್ತಿತು, ಗುಂಡಿ ಬಿಟ್ಟೊಡನೆ ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಬಿಚ್ಚಿ ನೋಡಿದರೆ, ಉರಿಯ ಬಿಸಿ ತಿಳಿಯಬೇಕಾದ ಆ ಕಡ್ಡಿಗೆ ಸಾವ್ಕಾರ್ರು ಭಕ್ತಿಯಿಂದ ಮೂರು ಪಟ್ಟೆ ವಿಭೂತಿ ಬಳಿದು, ಅದರ ಮೇಲೆ ಗಂಧವನ್ನೂ ಮೆತ್ತಿದ್ದರು. ಗಟ್ಟಿಯಾಗಿ ಒಣಗಿತ್ತು. ಕೆರೆಯಲು ಹೋದಾಗ ಕಡ್ಡಿಯ ತುದಿಯೇ ಮುರಿಯಿತು.

ಹೊಸ ಕಡ್ಡಿ ತರಲು ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತುವ ಮುಂಚೆ ಇಬ್ಬರಿಗೂ ಹೇಳಿದೆ: "ನಾನು ಬರೋವರೆಗೆ ಹಚ್ಚಬಾರದು."

"ಆಗಲೇಳ್ರಿ," ಎಂದರು ಇಬ್ಬರೂ.

ಸಂಜೆ ಇಳಿದಾಗ ಶೆಡ್ಡಿನ ಮೂರು ತಗಡು ರಸ್ತೆಯ ಮೇಲಿದ್ದವು. ಮಿಸ್ತ್ರಿ ಆಸ್ಪತ್ರೆಯಲ್ಲಿದ್ದ. ಹುಬ್ಬಿಲ್ಲ, ಮೀಸೆಯಿಲ್ಲ, ಗಡ್ಡ ಒಂದೇ ಮಗ್ಗುಲಿಗೆ ಉಳಿದಿತ್ತು, ಎರಡೂ ಕೈಗೆ ಪಟ್ಟಿ. ಜಗುಲಿಯ ಮೇಲೆ ನಾಲ್ಕು ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದವು. ಅವನೇ ನನಗೆ ಸಮಾಧಾನ ಹೇಳಿದ.

"ತಪ್ಪು ನಂದಲ್ರಿ ಸಾಹೇಬ್ರ. ಕೋಗಳಿ ಲೋಡು ತೊಯ್ತೈತಿ ಅಂತ ಧಣಿಯರು ಹಚ್ಚಿಸಿದ್ರು, ತಂತಿ ಕಟ್ಟಿ ಹಚ್ಚಿದೆ. ಕರೆಂಟು ಹೋಗಿ ಬಂದಾಗ ನೀವು ಹೇಳಿದಂಗ ರಸ್ತೆ ಆಚಿಗೆ ಹೋಗಿ ಬೀಡಿ ಹಚ್ಚಿದ್ದೆ. ಅರ್ಧಾ ಬೀಡಿಗೇ ಅವರು ಕೂಗಿದ್ರು."

೬. ವಿಚಾರಣೆ

ವಾರ ಬಿಟ್ಟು ವಿಮೆಯವರ ಕಡೆಯಿಂದ ಒಬ್ಬ ಅಧಿಕಾರಿ ಬಂದರು. ಅಚ್ಚುಕಟ್ಟಾದ ಮನುಷ್ಯ. ಅವರ ಮುಂದೆ ನನ್ನ ದಿನಚರಿ ಪುಸ್ತಕವನ್ನು ಹೆಮ್ಮೆಯಿಂದಲೇ ಇಟ್ಟೆ. ಈಗಲಾದರೂ ಸತ್ಯ ಹೊರಬೀಳುತ್ತದೆ, ಮಿಸ್ತ್ರಿ ವಾಪಸು ಬರುವುದರೊಳಗೆ ಆ ವಾಲ್ವಿಗೆ ಯಾರೂ ಕೈ ಹಚ್ಚದಂತೆ ಮೇಲಿನಿಂದಲೇ ಅಪ್ಪಣೆಯಾಗುತ್ತದೆ ಎಂದು ನಂಬಿದ್ದೆ. ಅವರು ಕೆಂಪು ಸಾಲುಗಳನ್ನೆಲ್ಲ ಓದಿದರು.

"ಈ ಸಹಿ ನಿಮ್ಮದೇ?"

"ಹೌದು."

"ಎಲ್ಲವೂ?"

"ಎಲ್ಲವೂ."

ಸಾವ್ಕಾರ್ರ ಕಡೆ ತಿರುಗಿದರು. "ತಂತಿ ಕಟ್ಟಿದರೆ ಅಪಾಯ ಅಂತ ನಿಮಗೆ ಗೊತ್ತಿತ್ತಾ?"

"ನಾವು ಕಾಳಿನ ವ್ಯಾಪಾರದೋರ್ರಿ. ನಮಗೇನು ಗೊತ್ತಾಗ್ತೈತಿ? ಆ ಬುಕ್ಕಿನಾಗ ಇಂಗ್ಲಿಷಿನ್ಯಾಗ ಏನು ಬರದಾರ ಅಂತ ಈ ಶೆಡ್ಡಿನಾಗ ಒಬ್ಬರಿಗೂ ತಿಳಿಯಂಗಿಲ್ಲ."

ಅಧಿಕಾರಿ ಪುಸ್ತಕ ಮುಚ್ಚಿದರು. ವರದಿ ಹದಿನೈದು ದಿನಕ್ಕೆ ಬಂತು. ಭಾಷೆ ನಿರ್ದುಷ್ಟವಾಗಿತ್ತು, ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಅಪಾಯವನ್ನು ಬಲ್ಲವರು ಒಬ್ಬರೇ, ಆದ್ದರಿಂದ ನಿರ್ಲಕ್ಷ್ಯ ಮಾಡಲು ಸಾಧ್ಯವಿದ್ದವರೂ ಒಬ್ಬರೇ. ಉಳಿದವರೆಲ್ಲ ಅಮಾಯಕರು. ನನ್ನನ್ನು ಕೆಲಸದಿಂದ ಬಿಡಿಸಿದರು. ನನ್ನ ಜಾಗಕ್ಕೆ, ಅನುಭವವುಳ್ಳವನೆಂದು, ಮಿಸ್ತ್ರಿಯನ್ನು ನೇಮಿಸಿದರು.

ನಾಲ್ಕೈದು ತಿಂಗಳ ಮೇಲೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. ಹುಬ್ಬು ಬೆಳೆದಿದ್ದವು. ಬೇಡವೆಂದರೂ ಎಳೆದುಕೊಂಡು ಹೋಗಿ ಚಹಾ ಕುಡಿಸಿದ. ಮಕ್ಕಳ ಯೋಗಕ್ಷೇಮ ಕೇಳಿದೆ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಮಿಸ್ತ್ರಿ, ನಿಜ ಹೇಳಿ. ಈಗಲೂ ವಾಲ್ವಿಗೆ ತಂತಿ ಕಟ್ತೀರಾ?"

ಅವನು ಎರಡೂ ಕಿವಿ ಹಿಡಿದುಕೊಂಡ.

"ತೋಬಾ ತೋಬಾ! ಎಲ್ಲೀ ತಂತಿರಿ ಸಾಹೇಬ್ರ? ಧಣಿಯರು ಭಾಳ ಸ್ಟ್ರಿಕ್ಟ್ ಮಾಡ್ಯಾರ. ಇನ್ನ ಈ ಶೆಡ್ಡಿನಾಗ ಯಾರೂ ತಂತಿ ಕಟ್ಟಂಗಿಲ್ಲ ಅಂತ ಕಡಕ್ ಹುಕುಂ. ಅದಕ್ಕ ಆ ವಾಲ್ವನ್ನ ಪೂರಾ ಕಳಚಿ ಒಗದೀವಿ."