ರೊಟ್ಟಿ ಬಡಿಯುವ ಆ್ಯಪು

ಕೆಲವರಿಗೆ ಮೀಸೆಯ ಮೇಲೆ ಹೆಮ್ಮೆ, ಕೆಲವರಿಗೆ ಮಗನ ಅಂಕಪಟ್ಟಿಯ ಮೇಲೆ. ನನ್ನ ಹೆಮ್ಮೆಯೆಲ್ಲ ಕಿವಿಯ ಮೇಲೆ. ನೋಡುವುದಕ್ಕೆ ಅಂಥ ಚೆಂದದ ಕಿವಿಗಳೇನೂ ಅಲ್ಲ. ಎಡಗಿವಿಯಂತೂ ಮುಂದಕ್ಕೆ ಬಾಗಿ, ಬಾಗಿಲ ಮರೆಯಲ್ಲಿ ನಿಂತು ಒಳಗಿನ ಜಗಳ ಕೇಳುತ್ತಿರುವ ನೆರೆಯವನ ಹಾಗೆ ಕಾಣುತ್ತದೆ. ಆದರೆ ಎಂಟನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಅನ್ನ ಕೊಟ್ಟದ್ದು ಈ ಎರಡು ಕಿವಿಗಳೇ. ಅನ್ನ ಎಂದೆನೇ? ನಮ್ಮ ಕಡೆ ರೊಟ್ಟಿ ಎನ್ನಬೇಕು. ಅದೇ ಕಿವಿಗಳು ಒಮ್ಮೆ ಹದಿನೇಳು ದಿನ ನನ್ನ ತಾಟಿನಿಂದ ರೊಟ್ಟಿಯನ್ನು ಕಸಿದುಕೊಂಡವು. ತಪ್ಪು ಯಾರದು ಎಂಬುದನ್ನು ನೀವೇ ಹೇಳಬೇಕು. ನಮ್ಮ ಮನೆಯಲ್ಲಿ ಅದು ಈಗಾಗಲೇ ತೀರ್ಮಾನವಾಗಿದೆ.

ಶಾಲೆ ಬಿಟ್ಟವನು ನೇರ ಸೇರಿದ್ದು ಕಲಬುರಗಿಯ ಸ್ಟೇಶನ್ ಬಜಾರದ ಖಾಜಾ ಭಾಯಿಯ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಗೆ. ಯಾವ ಡಬ್ಬಿ ಬಂದರೂ ನಾನು ಮೊದಲು ತಿರುಪು ಬಿಚ್ಚಲು ಹೋಗುತ್ತಿದ್ದೆ. ಖಾಜಾ ಭಾಯಿ ಕೈಮೇಲೆ ಪಟ್ಟೆಂದು ಹೊಡೆದು, "ಪಹಲೇ ಕಾನ್ ಲಗಾ ರೇ!" ಅನ್ನುತ್ತಿದ್ದರು. ಮೊದಲು ಕಿವಿ ಹಚ್ಚು. ಎಲ್ಲಿ ನೋಯುತ್ತದೆ ಎಂದು ಯಂತ್ರವೇ ಹೇಳುತ್ತದೆ. ಹಾಗೆ ಕಿವಿ ಹಚ್ಚಿ ಹಚ್ಚಿ, ರಬ್ಬರ್ ಪಟ್ಟಿ ಸಡಿಲಾಗಿದೆಯೋ ಮೋಟಾರು ಸೋತಿದೆಯೋ ಎಂದು ರಸ್ತೆಯ ಆಚೆ ನಿಂತೇ ಹೇಳುವಷ್ಟಾದೆ. ಅಷ್ಟರಲ್ಲಿ ಟೇಪ್ ರೆಕಾರ್ಡರುಗಳೇ ಸತ್ತು ಹೋದವು. ನಾನು ಮೊಬೈಲ್ ರಿಪೇರಿಗೆ ಬಂದೆ. ಆಮೇಲೆ ಮೊಬೈಲಿನ ಒಳಗೇನಿದೆ ಎಂಬ ಚಪಲ ಹತ್ತಿ, ಅದರಲ್ಲೇ ವಿಡಿಯೋ ನೋಡುತ್ತಾ ಆ್ಯಪು ಮಾಡುವುದನ್ನು ಕಲಿತೆ. ಪಾಠ ಹೇಳುವವರ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ತಿಳಿಯದ ಅರ್ಧವನ್ನು ಅವರ ಬೆರಳು ಎಲ್ಲಿ ಹೋಗುತ್ತದೆ ಎಂದು ನೋಡಿ ತುಂಬಿಕೊಂಡೆ. ಈಗ ಗಾಜಿಪುರದ ನಮ್ಮ ಮನೆಯಲ್ಲಿ, ಅಡಿಗೆಮನೆಯ ಪಕ್ಕದ ಸಣ್ಣ ಖೋಲಿಯಲ್ಲಿ ನನ್ನ ಕಾರಖಾನೆ ಇದೆ. ಮಾಲೀಕ ನಾನು, ಇಂಜಿನಿಯರ್ ನಾನು, ದೂರು ಬಂದರೆ ಓದಿಕೊಂಡು ಮುಖ ಸಪ್ಪಗೆ ಮಾಡಿಕೊಳ್ಳುವ ಗುಮಾಸ್ತನೂ ನಾನೇ.

ಭಜನೆಯವರಿಗೆ ತಂಬೂರಿಯ ಆ್ಯಪು ಮಾಡಿದ್ದೇನೆ. ಇವತ್ತಿಗೂ ಎಷ್ಟೋ ಗುಡಿಗಳಲ್ಲಿ ಅದರ ಶ್ರುತಿಗೇ ಹಾಡುತ್ತಾರೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಡಬ್ಬಿ ಬಡಿಯುವ ಸದ್ದಿನ ಆ್ಯಪು ಮಾಡಿದೆ. ಒಂದು ವಾರದ ಮೇಲೆ ಒಬ್ಬ ರೈತರು ಫೋನ್ ಮಾಡಿ, "ಹಕ್ಕಿ ಓಡಿ ಹೋಗೂದು ಬಿಡ್ರಿ, ಈಗ ನಮ್ಮ ಫೋನಿನ ಮ್ಯಾಲೇ ಕೂಡಾಕತ್ಯಾವ" ಎಂದರು. ಹಕ್ಕಿಗಳಿಗೂ ಹಿಡಿಸಿತಲ್ಲ ಎಂದು ನಾನು ಅದನ್ನೂ ಹೆಮ್ಮೆಯ ಖಾನೆಗೇ ಹಾಕಿಕೊಂಡೆ.

ಇರಲಿ, ರೊಟ್ಟಿಗೆ ಬರುತ್ತೇನೆ. ಜೇವರ್ಗಿ ಕಾಲೋನಿಯಲ್ಲಿ ತಬಲಾ ಕಲಿಸುವ ಮಾಸ್ತರರೊಬ್ಬರು ನನ್ನ ತಂಬೂರಿಯ ಗಿರಾಕಿ. ಅವರು ಒಂದು ದಿನ ನನ್ನ ಖೋಲಿಗೆ ಬಂದು, "ಶಾಂತಪ್ಪನೋರೆ, ಲಯ ಹಿಡಿಯಾಕ ಮೊಬೈಲಿನ್ಯಾಗ ಟಿಕ್ ಟಿಕ್ ಅನ್ನೂದು ಹಚ್ಚತೀನ್ರಿ. ಹುಡುಗರು ಪರೀಕ್ಷಾ ಹಾಲಿನ್ಯಾಗ ಕುಂತಂಗ ಹೆದರತಾವ. ಮನೀ ಸಪ್ಪಳ ಯಾವುದಾರ ಇದ್ರ ಹಾಕಿ ಕೊಡ್ರಿ" ಎಂದರು. ಅವರು ಮಾತು ಮುಗಿಸುವುದರೊಳಗೆ ಅಡಿಗೆಮನೆಯಿಂದ ಪಟ್ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು ಬಂತು. ಮುದ್ದೆಯನ್ನು ತಿರುಗಿಸುತ್ತಾ ಅಂಗೈಯಲ್ಲಿ ಬಡಿಯುವ ಆ ಸದ್ದು ಕೇಳದೆ ಬೆಳೆದ ಮಗು ಕಲಬುರಗಿಯಲ್ಲಿ ಉಂಟೇ? ಎಡಗಿವಿ ನೆಟ್ಟಗಾಯಿತು. ಆ್ಯಪಿನ ಹೆಸರು ಆ ಕ್ಷಣವೇ ಇಟ್ಟುಬಿಟ್ಟೆ: ರೊಟ್ಟಿ ತಾಳ.

ಮರುದಿನ ಹೆಂಡತಿಯ ಮುಂದೆ ಮೈಕು ಹಿಡಿದು ಕೂತೆ. ಮಹಾನಂದಾ ಅಡಿಗೆಮನೆಯ ಶಹಾಬಾದಿ ಕಲ್ಲಿನ ಕಟ್ಟೆಯ ಮುಂದೆ ನಿಂತು ಹಿಟ್ಟು ನಾದುತ್ತಿದ್ದಳು. ಬಿಸಿಲುಕಾಲ. ನಮ್ಮೂರಿನ ಬಿಸಿಲಿನ ವಿಷಯ ಬರೆದರೆ ಕಾಗದ ಸುಡುತ್ತದೆ, ಬಿಡಿ. ಮೊದಲು ಫ್ಯಾನ್ ಬಂದ್ ಮಾಡಿದೆ.

"ಯಾಕ್ರಿ?"

"ಗಾಳಿ ಸಪ್ಪಳ ಮೈಕಿನ್ಯಾಗ ಬರ್ತದ."

ಫ್ರಿಜ್ಜಿನ ಪ್ಲಗ್ ಕಿತ್ತೆ.

"ಅದ್ಯಾಕ?"

"ಗುಂಯ್ ಅಂತದ."

"ಮತ್ತ ನಾನೂ ಉಸುರು ಹಿಡಕೊಳ್ಳಲೇನು?"

"ಒಂದೀಟು ಹಿಡದ್ರ ಚಲೋನೇ ಆಗ್ತದ" ಎಂದೆ. ನಾನು ನಿಜವಾಗಿಯೂ ಹಾಗೆಂದೆ.

ಅವಳು ಎಂಟು ರೊಟ್ಟಿ ಬಡಿದಳು. ನಾನು ಖೋಲಿಗೆ ಹೋಗಿ ಪರದೆಯ ಮೇಲೆ ನೋಡಿದೆ. ಪ್ರತಿ ಬಡಿತಕ್ಕೂ ಒಂದೊಂದು ಗೆರೆ ಏಳುತ್ತದೆ. ಗೆರೆಗಳ ನಡುವಿನ ಅಂತರ ಒಂದೇ ಸಮ ಇದ್ದರೆ ಲಯ ಸರಿ. ಮಹಾನಂದಾಳ ಗೆರೆಗಳು ಮೊದಲ ರೊಟ್ಟಿಯಲ್ಲಿ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಹೋಗುತ್ತಾ ಹೋಗುತ್ತಾ ಹತ್ತಿರ ಬಂದು, ಎಂಟನೆಯದರಲ್ಲಿ ಬಸ್ಸಿಗೆ ನುಗ್ಗುವ ಮಂದಿಯಾಗಿದ್ದವು. ಜಾಣನಾದವನು ಬಾಯಿ ಮುಚ್ಚಿಕೊಂಡಿರುತ್ತಿದ್ದ. ನಾನು ಅವಳನ್ನು ಕರೆದು, ಪರದೆ ತೋರಿಸಿ, ಬೆರಳಿಟ್ಟು, "ನೋಡು, ಇಲ್ಲಿಂದ ನಿನ್ನ ಲಯ ತಪ್ಪತದ" ಎಂದೆ.

ಅವಳು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ಇಪ್ಪತ್ತೆರಡು ವರ್ಷ ತಿಂದ್ರಲ್ಲ, ಆಗ ತುತ್ತಿನ್ಯಾಗ ಲಯ ಸಿಕ್ಕಿದ್ದಿಲ್ಲೇನು?" ಎಂದು ಕೇಳಿ ಒಳಗೆ ಹೋದಳು. ಫ್ರಿಜ್ಜಿನ ಪ್ಲಗ್ ಮತ್ತೆ ಹಾಕುವುದನ್ನು ನಾನು ಮರೆತದ್ದು, ಸಂಜೆ ಹಾಲು ಒಡೆದಾಗ ಗೊತ್ತಾಯಿತು.

ನಾನು ಆ ರೆಕಾರ್ಡನ್ನು ಅಳಿಸಿ ಹಾಕಿ, ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಜಗದೇವಿ ಅಕ್ಕ ಇದ್ದಾಳೆ, ನನ್ನ ಸ್ವಂತ ಅಕ್ಕ. ಅವಳು ರೊಟ್ಟಿ ಮಾಡುವುದು ಅಂಗಳದ ಬೇವಿನ ಗಿಡದ ಕೆಳಗೆ, ಕಟ್ಟಿಗೆಯ ಒಲೆಯ ಮುಂದೆ ಕೂತು, ಅವ್ವ ಕೊಟ್ಟ ಮರದ ಮಣೆಯ ಮೇಲೆ. ಮೈಕು ನೋಡಿ, "ತಮ್ಮಾ, ರೊಟ್ಟಿ ತಿನ್ನಾಕ ಬಂದೀಯೋ, ಕೇಳಾಕ ಬಂದೀಯೋ?" ಎಂದು ನಕ್ಕಳು. ತಣ್ಣನೆಯ ಗಾಳಿ ಬೀಸುತ್ತಿತ್ತು. ಅಕ್ಕ ಬಡಿದಳು ನೋಡಿ, ಗಡಿಯಾರಕ್ಕೆ ಪಾಠ ಹೇಳಬೇಕು! ಹತ್ತು ರೊಟ್ಟಿ, ಒಂದು ಗೆರೆಯೂ ಆಚೀಚೆ ಇಲ್ಲ. ಖುಷಿಯಲ್ಲಿ ನಾನು ಬಾಯಿಬಿಟ್ಟೆ: "ಅಕ್ಕಾ, ನಿನ್ನ ಕೈ ಅಂದ್ರ ಕೈ. ಮಹಾನಂದಾಂದು ಲಯ ಓಡ್ತದ." ಅಕ್ಕ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟು ಕಳಿಸಿದಳು.

ಆ್ಯಪು ಹೊರಬಂತು. ಮಾಸ್ತರರು ಮೆಚ್ಚಿದರು. ನಾನು ಗಾಜಿಪುರದ ಓಣಿಯಲ್ಲಿ ಎರಡು ದಿನ ಸ್ವಲ್ಪ ಎದೆ ಮುಂದೆ ಮಾಡಿಕೊಂಡು ನಡೆದೆ. ಮೂರನೆಯ ದಿನ ಅಕ್ಕ ಫೋನ್ ಮಾಡಿದಳು, ನನಗಲ್ಲ, ಮಹಾನಂದಾಳಿಗೆ. ಅಕ್ಕನ ದನಿ ದೊಡ್ಡದು. ಫೋನಿಲ್ಲದೆಯೂ ಕಮಲಾಪುರದಿಂದ ಕೇಳಿಸಬಹುದು. ಖೋಲಿಯಲ್ಲಿ ಕೂತ ನನಗೆ ಅಕ್ಷರ ಅಕ್ಷರ ಕೇಳಿಸಿತು: "ಮಹಾನಂದಾ, ನನ್ನ ಕೈ ಸಪ್ಪಳ ಮೊಬೈಲಿನ್ಯಾಗ ಬಂದದವ್ವ! ನಿಂದು ಲಯ ಓಡ್ತದಂತ, ತಮ್ಮ ಹೇಳ್ಯಾನ. ಮನಸಿಗಿ ಹಚ್ಕೋಬ್ಯಾಡ."

ಮಹಾನಂದಾ, "ಹೌದ್ರಿ ಅಕ್ಕಾ, ಚಲೋ ಆಯ್ತು" ಎಂದಳು. ಆ ದನಿ ಎಷ್ಟು ಸಮವಾಗಿತ್ತೆಂದರೆ ನನ್ನ ಎಡಗಿವಿ ತಣ್ಣಗಾಯಿತು.

ಮಧ್ಯಾಹ್ನ ಊಟಕ್ಕೆ ಕೂತೆ. ತಾಟಿನಲ್ಲಿ ಪುಂಡಿ ಪಲ್ಯ, ಶೇಂಗಾ ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ. ರೊಟ್ಟಿ ಇರಬೇಕಾದ ಜಾಗದಲ್ಲಿ ನನ್ನ ಮೊಬೈಲು. ಅದರಿಂದ ಪಟ್ ಪಟ್ ಪಟ್ ಎಂದು ನನ್ನ ಆ್ಯಪು ನಡೆದಿತ್ತು.

"ಬಡಿಯಾಕತ್ತದ. ಬಿಸಿ ಬಿಸಿ ಅದ, ತಿನ್ರಿ" ಎಂದಳು ಮಹಾನಂದಾ.

ನಾನೂ ಸ್ವಾಭಿಮಾನಿ. ಕಾಲೇಜು ನೋಡದೆ ಆ್ಯಪು ಕಲಿತವನು ಎರಡು ರೊಟ್ಟಿಗೆ ತಲೆ ಬಾಗಿಸುವುದೇ? ಪುಂಡಿ ಪಲ್ಯವನ್ನು ಅನ್ನಕ್ಕೆ ಕಲಸಿ ತಿಂದೆ. ಪುಂಡಿ ಪಲ್ಯಕ್ಕೂ ಅದು ಅವಮಾನ, ಅನ್ನಕ್ಕೂ. ಮರುದಿನ ಅಂಗಡಿಯಿಂದ ಖಡಕ್ ರೊಟ್ಟಿಯ ಪೊಟ್ಟಣ ತಂದೆ. ಮೆಷಿನ್ನಿನಲ್ಲಿ ಮಾಡಿದ ರೊಟ್ಟಿ. ದುಂಡಗೆ, ತೆಳ್ಳಗೆ, ಒಂದರಂತೆ ಒಂದು. ನಾನು ಕರ್ರೆಂದು ಕಡಿದಾಗಲೆಲ್ಲ ಅಡಿಗೆಮನೆಯಿಂದ ಪ್ರಶ್ನೆ ಬರುತ್ತಿತ್ತು: "ಲಯ ಸರಿ ಅದ ಏನ್ರಿ?" ತನಗೆ ಮಾತ್ರ ಚಪಾತಿ ಲಟ್ಟಿಸಿಕೊಳ್ಳುತ್ತಿದ್ದಳು, ಸದ್ದಿಲ್ಲದೆ. ಮನೆಯಲ್ಲಿ ಪಟ್ ಪಟ್ ನಿಂತು ಹೋಯಿತು. ಇಪ್ಪತ್ತೆರಡು ವರ್ಷ ಆ ಸದ್ದು ಕೇಳಿಯೇ ಕೆಲಸಕ್ಕೆ ಕೈ ಹಚ್ಚಿದವನು ನಾನು. ಅದು ನಿಂತ ಮೇಲೆ ನನ್ನ ಕೈಯೂ ಓಡಲೊಲ್ಲದು. ಹೀಗೆ ಎರಡು ವಾರ ಹೋದವು.

ಹದಿನಾಲ್ಕನೆಯ ದಿನ ಮಾಸ್ತರರು ಬಂದರು. "ರೊಟ್ಟಿ ಚಲೋ ಅದ್ರಿ, ಶಾಂತಪ್ಪನೋರೆ. ಆದ್ರ ಒಂದೇ ಸಮ ಅದ. ತಬಲಾ ಅಂದ್ರ ಮೆಲ್ಲಕ ಶುರು ಆಗಿ, ಕೇಳವರಿಗೆ ಗೊತ್ತಾಗದಂಗ ಏರಕೋತ ಹೋಗಬೇಕು. ಅಂಥಾದೊಂದು ಇಲ್ಲದಿದ್ರ ನಮ್ಮ ಹುಡುಗರು ಮತ್ತ ಆ ಟಿಕ್ ಟಿಕ್‌ಗೇ ಹೋಗಬೇಕಾಗ್ತದ."

ನನ್ನ ಆ್ಯಪು ಬಿಟ್ಟು ಟಿಕ್ ಟಿಕ್‌ಗೆ! ಮೂರು ದಿನ ಕೂತು ಅಕ್ಕನ ಬಡಿತವನ್ನೇ ಕಂಪ್ಯೂಟರಿನಲ್ಲಿ ಸ್ವಲ್ಪ ಸ್ವಲ್ಪ ವೇಗ ಮಾಡಿದೆ. ಕೇಳಿದರೆ ಮೊಣಕಾಲು ನೋವಿನವರು ಮೆಟ್ಟಿಲು ಹತ್ತಿದ ಹಾಗೆ ಕೇಳಿಸಿತು. ಗೊತ್ತಾಗದಂತೆ ಏರುವುದು ಎಂದರೆ ಹೇಗೆ? ಅಂಥದ್ದನ್ನು ನಾನು ಕೇಳಿದ್ದೇ ಇಲ್ಲವೇ? ಕೇಳಿದ್ದೆ. ನೋಡಿಯೂ ಇದ್ದೆ, ಪರದೆಯ ಮೇಲೆ, ಗೆರೆ ಗೆರೆಯಾಗಿ. ಬೆರಳಿಟ್ಟು ತಪ್ಪು ಎಂದಿದ್ದೆ. ಆಮೇಲೆ ಅಳಿಸಿ ಹಾಕಿದ್ದೆ.

ಹದಿನೇಳನೆಯ ದಿನ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಮಹಾನಂದಾ ತಿರುಗಿ ನೋಡಲಿಲ್ಲ.

"ಈಗ ಬೇಕಾಗಿದ್ದು ರೊಟ್ಟಿಯೋ, ಸಪ್ಪಳೋ?"

"ಎರಡೂ" ಎಂದೆ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನಿಮ್ಮ ಅಕ್ಕ ಬೇವಿನ ಗಿಡದ ಕೆಳಗ ಕುಂತು ಬಡೀತಾರ. ನನಗ ಏನು ಕೊಟ್ಟಿದ್ರಿ? ಬಂದಾದ ಫ್ಯಾನು. ಊರ ಮಂದಿ ಸಪ್ಪಳೆಲ್ಲ ಕೇಳ್ತದ ನಿಮ್ಮ ಕಿವಿಗಿ, ಎದುರಿಗಿ ನಿಂತಾಕಿ ಬೆವರು ಕಾಣ್ಲಿಲ್ಲ."

ಖಾಜಾ ಭಾಯಿ ಇದ್ದಿದ್ದರೆ ಕೈಮೇಲೆ ಪಟ್ಟೆಂದು ಹೊಡೆಯುತ್ತಿದ್ದರು. ಎಲ್ಲಿ ನೋಯುತ್ತದೆ ಎಂದು ಕೇಳದೆ ತಿರುಪು ಬಿಚ್ಚಿದ್ದೆನಲ್ಲ.

"ತಪ್ಪಾತು" ಎಂದೆ. ಈ ಮಾತನ್ನು ನಾನು ಹೆಚ್ಚು ಬಳಸಿಲ್ಲ, ಆದ್ದರಿಂದ ಹೊಸದರ ಹಾಗೇ ಇತ್ತು.

ಅವಳು ಒಪ್ಪಿದಳು, ಮೂರು ಕರಾರಿನ ಮೇಲೆ. ಫ್ಯಾನು, ಫ್ರಿಜ್ಜು ಎರಡೂ ನಡೆಯುತ್ತಿರಬೇಕು. "ಆ ಸಪ್ಪಳ ತಗಿಯೂದು ನಿಮ್ಮ ಕೆಲಸ. ಕಾರಖಾನಿ ಮಾಲೀಕರಲ್ಲೇನು?" ಎರಡನೆಯದು, ಆ್ಯಪಿನಲ್ಲಿ ಅವಳ ಹೆಸರು ಬರಬೇಕು. ಮೂರನೆಯದನ್ನು ಆಮೇಲೆ ಹೇಳುತ್ತೇನೆಂದಳು.

ಮೈಕು ಹಿಡಿದೆ. ಫ್ಯಾನು ತಿರುಗುತ್ತಿತ್ತು. ಒಂದು ರೊಟ್ಟಿ ಬಡಿದಳು, ಎರಡು ಬಡಿದಳು, ಎಂಟೂ ಮುಗಿಸಿದಳು. ನಾನು ಪರದೆಗೆ ಕಣ್ಣು ಹಚ್ಚಿದೆ. ಗೆರೆಗಳು ಅಕ್ಕನ ಗೆರೆಗಳಷ್ಟೇ ಸಮ! ತಂಪಿನಲ್ಲಿ ಇವಳೂ ಗಡಿಯಾರವೇ. ಲಯ ತಪ್ಪಿದ್ದೇ ಇಲ್ಲ, ತಪ್ಪಿಸಿದವನು ನಾನು. ಆದರೆ ಈಗ ನನಗೆ ಬೇಕಾದದ್ದು ಏರುವ ಲಯ.

"ಏರವಲ್ದು" ಎಂದೆ ಮೆಲ್ಲಗೆ.

"ಎಲ್ಲಿಂದ ಏರಬೇಕು? ಸಿಟ್ಟೇ ಬರವಲ್ದು" ಎಂದು ಅವಳು ಒಂದು ಕ್ಷಣ ಯೋಚಿಸಿದಳು. "ಹಿಂಗ ಮಾಡ್ರಿ. ಮೈಕು ಅಲ್ಲಿಟ್ಟು ನನ್ನ ಎದುರಿಗಿ ಕೂಡ್ರಿ. ಏನೂ ಮಾತಾಡಬ್ಯಾಡ್ರಿ. ಸುಮ್ಮ ನಿಮ್ಮ ಮಾರಿ ನೋಡ್ತೀನಿ."

ಕೂತೆ. ಅವಳು ನೋಡುತ್ತಾ ಬಡಿಯತೊಡಗಿದಳು. ಮೊದಲು ಮೆಲ್ಲಗೆ, ಒಡೆದ ಹಾಲು ನೆನಪಾಗುವಷ್ಟು. ಆಮೇಲೆ ಯಾವಾಗ ಏರಿತೋ ನನಗೇ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷಗಳು ಒಂದೊಂದಾಗಿ ಅವಳ ಅಂಗೈಗೆ ಬಂದವೆಂದು ಕಾಣುತ್ತದೆ. ಕೊನೆಗೆ ಕಟ್ಟೆಯ ಮೇಲಿನ ಲೋಟಗಳು ನಡುಗುತ್ತಿದ್ದವು, ಒಂದು ಬಡಿತವೂ ಜಾರಿರಲಿಲ್ಲ. ಮುಂದೆ ಮಾಸ್ತರರು ಆ ರೆಕಾರ್ಡು ಕೇಳಿ ಕಣ್ಣು ಮುಚ್ಚಿ, "ಇದು ಯಾವ ಘರಾಣಾ ರೀ?" ಎಂದರು. ನಾನು ನಮ್ಮ ಮನೆಯದೇ ಎಂದೆ. ನನ್ನ ಮುಖವನ್ನು ದಿಟ್ಟಿಸಿದ್ದರಿಂದ ಹುಟ್ಟಿದ ಲಯ ಎಂದು ಹೇಳಲು ಹೋಗಲಿಲ್ಲ.

ಆ ದಿನ ಮೂರನೆಯ ಕರಾರು ಇನ್ನೂ ಉಳಿದಿತ್ತು. ಅದೇ ಮೈಕಿನ ಮುಂದೆ ನಾನೂ ಒಂದು ರೊಟ್ಟಿ ಬಡಿಯಬೇಕು, ಗೆರೆಗಳನ್ನು ಅವಳು ನೋಡಬೇಕು. ಅದೇನು ಮಹಾ, ಸಾವಿರ ಬಾರಿ ಕೇಳಿದ ಸದ್ದು ಎಂದು ಕೈ ಹಚ್ಚಿದೆ. ನಾಲ್ಕನೆಯ ಬಡಿತಕ್ಕೆ ಅಂಚು ಒಡೆಯಿತು, ಏಳನೆಯದಕ್ಕೆ ಅರ್ಧ ರೊಟ್ಟಿ ನನ್ನ ಅಂಗೈಗೆ ಅಂಟಿಕೊಂಡು ಎದ್ದು ಬಂತು. ಪರದೆಯ ಮೇಲೆ ಗೆರೆಗಳು ನಾಯಿ ಅಟ್ಟಿಸಿಕೊಂಡು ಬಂದ ಕುರಿಮಂದೆ. ಮಹಾನಂದಾ ಬೆರಳಿಟ್ಟು ತೋರಿಸಲಿಲ್ಲ. ಆ ತುಂಡುಗಳನ್ನು ಹಂಚಿನ ಮೇಲೆ ಬೇಯಿಸಿ, ಮೇಲೆ ತಾನು ಮಾಡಿದ ಎರಡು ರೊಟ್ಟಿ ಇಟ್ಟು, ತಾಟನ್ನು ನನ್ನ ಮುಂದೆ ಸರಿಸಿದಳು. "ನಿಮ್ಮ ಬಡಿತಾನೂ ಆ್ಯಪಿನ್ಯಾಗ ಹಾಕ್ರಿ" ಎಂದಳು.

ಹಾಕಿದ್ದೇನೆ. ಈಗ ರೊಟ್ಟಿ ತಾಳ ತೆರೆದರೆ ಮೂರು ಗುಂಡಿ ಕಾಣುತ್ತವೆ: ಮೇಲೆ ಮಹಾನಂದಾ, ಅದರ ಕೆಳಗೆ ಜಗದೇವಿ, ಎಲ್ಲಕ್ಕಿಂತ ಕೆಳಗೆ ಶಾಂತಪ್ಪ. ಹುಡುಗರು ಮೊದಲು ಒತ್ತುವುದು ಮೂರನೆಯದನ್ನೇ ಎಂದು ಮಾಸ್ತರರು ಹೇಳುತ್ತಾರೆ. ಅದನ್ನು ಕೇಳಿ ಬಿದ್ದು ಬಿದ್ದು ನಕ್ಕು, "ಇದರಕಿಂತ ನಾವೇ ಚಲೋ ಬಾರಿಸ್ತೀವಿ" ಎಂದು ಧೈರ್ಯವಾಗಿ ತಬಲಾದ ಮುಂದೆ ಕೂಡುತ್ತಾರಂತೆ. ಹೆದರಿಕೆ ಬಿಡಿಸುವ ಇಂಥ ಸದ್ದನ್ನು ದೇಶದಲ್ಲಿ ಬೇರೆ ಯಾರಾದರೂ ಮಾಡಿದ್ದರೆ ತೋರಿಸಿ ನೋಡೋಣ.