ಅಟ್ಟದ ಕೆಳಗೆ ‘ಪ್ರಳಯದ ಸ್ಟಾರ್ಟರ್’

ಕಡೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಹೊನ್ನೇಶ ಒಂದು ಭಾನುವಾರ ಬೆಳಗ್ಗೆ ಬಾಯಲ್ಲಿದ್ದ ಇಡ್ಲಿಯನ್ನೂ ನುಂಗದೆ ಘೋಷಿಸಿಬಿಟ್ಟ.

“ಇವತ್ತು ಸಂಜೆಯೊಳ್ಗೆ ಆಲ್ಬಂ ಮುಗೀತದೆ ಕಣೇ! ಇನ್ಮೇಲೆ ಹೆವಿ ಮೆಟಲ್ ಅಂದ್ರೆ ಜನ ಕಡೂರು ಎಲ್ಲೈತೆ ಅಂತ ಹುಡುಕ್ಬೇಕು!”

“ಮೊದ್ಲು ಮೀಸೇಲಿರೋ ಚಟ್ನಿ ಎಲ್ಲೈತೆ ಅಂತ ಹುಡುಕ್ಕಳಿ,” ಎಂದಳು ಹೆಂಡತಿ ಬೃಂದಾ.

ಅರಚಿ ಹಾಡುವ ಆ ಸಂಗೀತಕ್ಕೆಂದು ಅವನು ಕಟ್ಟಿದ ಬ್ಯಾಂಡಿನ ಹೆಸರು ‘ತ್ರೀ ಫೇಸ್’. ಇದ್ದವರೂ ಮೂವರೇ. ಗಿಟಾರು ಮತ್ತು ಗರ್ಜನೆ ಹೊನ್ನೇಶನದು, ಡ್ರಮ್ಮು ಈರಣ್ಣನದು, ಬೇಸ್ ಗಿಟಾರು ಮತ್ತು ರೆಕಾರ್ಡಿಂಗು ಧನಪಾಲನದು. ಚೊಚ್ಚಲ ಆಲ್ಬಮ್ಮಿಗೆ ‘ಪ್ರಳಯದ ಸ್ಟಾರ್ಟರ್’ ಎಂಬ ಘನಘೋರ ನಾಮಕರಣವೂ ಆಗಿತ್ತು. ನಾಲ್ಕು ವರ್ಷದಿಂದ ಹೊನ್ನೇಶ ಅಂಗಡಿಯ ಶಟರ್ ಎಳೆದುಕೊಂಡು ಗರ್ಜಿಸಿದ್ದ. ಕೇಳಿದವರೆಲ್ಲ “ಗಂಟ್ಲಿಗೆ ಏನಾದ್ರೂ ತಗಳಪ್ಪಾ” ಎಂದಿದ್ದರೇ ಹೊರತು, ಅವನನ್ನು ಹಾಡುಗಾರ ಎಂದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಆ ಒಂದು ಮಾತು ಕೇಳಲು ಅವನು ಹಪಹಪಿಸುತ್ತಿದ್ದ.

ಸ್ಟುಡಿಯೋ ಎಂದು ಅವನು ಆರಿಸಿದ್ದು ಸಖರಾಯಪಟ್ಟಣದ ಅತ್ತೆ ಮನೆಯನ್ನು. ಅತ್ತೆ ಕಾಮಾಕ್ಷಮ್ಮನವರ ನಡುಮನೆಯ ಮೇಲೆ ದೊಡ್ಡ ಅಟ್ಟ. ಅದರ ತುಂಬ ಕೊಬ್ಬರಿಯಾಗಲೆಂದು ಹೋದ ವರ್ಷ ಹಾಕಿಟ್ಟ ತೆಂಗಿನಕಾಯಿ.

“ಇಷ್ಟು ಕಾಯಿ ತಲೆ ಮೇಲಿದ್ರೆ ಒಂದು ಸದ್ದೂ ಆಚೆ ಹೋಗಲ್ಲ ಕಣ್ರೋ!” ಎಂದು ಹೊನ್ನೇಶ ಎದೆ ತಟ್ಟಿಕೊಂಡ. ಅತ್ತೆ ತೋಟಕ್ಕೆ ಹೋಗಿದ್ದರು; ಜೊತೆಗೆ ಬಂದಿದ್ದ ಬೃಂದಾ ತವರಿನ ಅಡುಗೆಮನೆ ಸೇರಿದ್ದಳು. ಧನಪಾಲ ಚಿಕ್ಕಮಗಳೂರಿನಿಂದ ಕಾಡಿಬೇಡಿ ತಂದಿದ್ದ ಮೈಕುಗಳನ್ನು ಸಂಜೆ ಐದಕ್ಕೆ ವಾಪಸ್ ಕೊಡಬೇಕಿತ್ತು. ಇವತ್ತು ಬಿಟ್ಟರೆ ಇನ್ನಿಲ್ಲ.

ಈರಣ್ಣ ಡ್ರಮ್ಮು ಬಾರಿಸಿದ. ಹೊನ್ನೇಶ ಹೊಕ್ಕಳಿನಿಂದ ದನಿ ಎತ್ತಿ “ಪ್ರಳಯಾಆಆ!” ಎಂದ. ಮೇಲಿನಿಂದ ಉತ್ತರ ಬಂತು: ಗಡಗಡಗಡಗಡ!

“ಯಾರ್ಲಾ ಅದು ಅಟ್ಟದ ಮೇಲೆ?”

ಧನಪಾಲ ಏಣಿ ಹತ್ತಿ ನೋಡಿದ. ನರಪಿಳ್ಳೆಯೂ ಇಲ್ಲ! ಮತ್ತೆ ಗರ್ಜನೆ, ಮತ್ತೆ ಗಡಗಡ. ಕಾಯಿಯೊಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟರೆ, ಅಲ್ಲಾಡಿದಾಗ ಹೀಗೇ ಸದ್ದು ಮಾಡುತ್ತದೆ. ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದ ಮೂವರಿಗೂ ಇದು ಗೊತ್ತು. ಕಲೆಯ ಆವೇಶದಲ್ಲಿ ಮೂವರೂ ಮರೆತಿದ್ದರು, ಅಷ್ಟೆ!

ಕಾಯಿಗಳ ಮೇಲೆ ಗೋಣಿಚೀಲ ಹೊದಿಸಿದರು. ಗಡಗಡ! ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದರು. ಗಡಗಡಗಡ!

“ಈರಣ್ಣ, ಸ್ವಲ್ಪ ಮೆಲ್ಲಗೆ ಹೊಡಿಯೋ.”

“ಮೆಲ್ಲಗೆ ಹೊಡಿಯಕ್ಕೆ ಇದೇನು ತೊಟ್ಲು ತೂಗೋ ಹಾಡೇನಣ್ಣ?”

ಅಷ್ಟರಲ್ಲಿ ಹೊಸ್ತಿಲ ಮೇಲೆ ಕಾಮಾಕ್ಷಮ್ಮ! ಹೊನ್ನೇಶ ಗಿಟಾರನ್ನು ಬೆನ್ನ ಹಿಂದೆ ಅಡಗಿಸಿದ.

“ಅತ್ತೆ, ಇದು... ಒಂಥರಾ ಸಂಗೀತ...”

“ಶ್! ಇನ್ನೊಂದ್ಸಲ ಕೂಗಿ ಅಳಿಯಂದ್ರೆ!”

ಒನ್ಸ್ ಮೋರ್! ಜೀವನದ ಮೊಟ್ಟಮೊದಲ ಒನ್ಸ್ ಮೋರ್! ಹೊನ್ನೇಶನ ಕಣ್ಣು ತುಂಬಿ ಬಂತು. ಹೆಂಚು ಹಾರುವಂತೆ ಗರ್ಜಿಸಿದ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಕರಿ ಹಿಡಿದು, ಸರಸರನೆ ಏಣಿ ಹತ್ತಿದರು.

“ಬೃಂದಾ, ಕೊಬ್ರಿ ಆಗೈತೆ ಕಣೇ! ಒಂದೊಂದೇ ಕಾಯಿ ಕಿವಿ ಹತ್ರ ಅಲ್ಲಾಡ್ಸಿ ನೋಡಿ ನನ್ ಮುಂಗೈ ಬಿದ್ದೋಗಿತ್ತು. ಇವ್ರು ಅರಚಿದ್ರೆ ಆಗಿರೋವು ಮಾತ್ರ ಗಡಗಡ ಅಂತವೆ, ಹಸೀವು ಸುಮ್ಕಿರ್ತವೆ! ಅಳಿಯಂದ್ರೆ, ಬಲಗಡೆ ಮೂಲೆಗೆ ತಿರಿಕ್ಕಂಡು ಕೂಗಿ!”

ಆಮೇಲೆ ನಡೆದದ್ದು ಹೆವಿ ಮೆಟಲ್ಲೋ ಕೊಬ್ಬರಿ ಸುಗ್ಗಿಯೋ ದೇವರೇ ಬಲ್ಲ. ಆಲ್ಬಮ್ಮಿನ ಏಳೂ ಹಾಡುಗಳ ಉದ್ದಕ್ಕೂ ಮೇಲಿನಿಂದ ಅತ್ತೆಯ ಆಜ್ಞೆ, ಗಡಗಡ, ಕೆಳಗೆ ಬೃಂದಾಳ ಮುಂದೆ ಕಾಯಿ ಬೀಳುವ ದಬದಬ. ಗಂಟೆ ಐದಾಯಿತು.

“ಅತ್ತೆ ದನಿ ಅಳ್ಸಕ್ಕಾಗಲ್ವೇನೋ?” ಹೊನ್ನೇಶ ಗೋಗರೆದ.

“ಅಳಿಸ್ಬೋದಣ್ಣ, ಜೊತೆಗೆ ನಿಂದೂ ಹೋಯ್ತದೆ,” ಎಂದ ಧನಪಾಲ.

ವಿಧಿಯಿಲ್ಲದೆ ಇದ್ದದ್ದನ್ನು ಇದ್ದ ಹಾಗೆಯೇ ಇಂಟರ್‌ನೆಟ್ಟಿಗೆ ಹಾಕಿದರು. ಒಂದು ವಾರ ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ಎಂಟನೆಯ ದಿನ ಹಿರೇನಲ್ಲೂರಿನಿಂದ ಫೋನು!

“ನಾನು ದೇವರಾಜ ಅಂತ. ನಿಮ್ ಆಲ್ಬಂ ಪೂರ್ತಿ ಮೂರು ಸಲ ಕೇಳ್ದೆ ಸ್ವಾಮಿ!”

ಹೊನ್ನೇಶ ಕುಣಿದಾಡಿಬಿಟ್ಟ. ಬೃಂದಾಳಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದ.

“ಹಾಡೋರ ಕಂಠ ಹೆಂಗನ್ನಿಸ್ತು ಸಾರ್?”

“ಏನ್ ಕಂಠ ಸ್ವಾಮಿ! ಬಲಗಡೆ ತಿರಿಕ್ಕಳಿ ಅಂತ ಆ ಅಮ್ಮ ಗದರ್ತಿದ್ರೆ ನಾನೂ ಕೂತಲ್ಲೇ ತಿರಿಕ್ಕಂಡ್ಬಿಟ್ಟೆ! ನಮ್ ಅಟ್ಟದಲ್ಲೂ ಕಾಯಿ ಐತೆ, ಫೋನ್ ಸೌಂಡಿಗೆ ಅಲ್ಲಾಡ್ತಿಲ್ಲ. ಆ ಅಮ್ಮನ್ನ ನಾಳೆ ಕಳಿಸ್ಕೊಡಿ. ಹಂಗೇ... ಹಿಂದ್ಗಡೆ ಯಾವನೋ ಒಬ್ಬ ಅರಚ್ತಾನಲ್ಲ, ಅವನ್ನೂ!”

ಹೊನ್ನೇಶ ಸ್ಪೀಕರ್ ಆರಿಸಲು ತಡಕಾಡಿದ. ಬೃಂದಾ ನಗು ತಡೆಯಲಾರದೆ ಫೋನ್ ಕಿತ್ತುಕೊಂಡಳು.

“ಆಯ್ತಣ್ಣ, ಬೆಳಗ್ಗೆ ಬಸ್ಸಿಗೇ ಹತ್ತಿಸ್ತೀನಿ. ಅಮ್ಮನಿಗೆ ಸೀಟು ಸಿಕ್ರೆ ಸಾಕು, ಹಿಂದ್ಗಡೆಯವನು ನಿಂತ್ಕಂಡೇ ಬತ್ತಾನೆ!”